ಒಂಬತ್ತನೆಯ ಜಿನ್ನಿನ ಹಲಗೆ

೧೯೬೧ನೆಯ ಇಸವಿ ಮಾರ್ಚ್ ೭, ಮಂಗಳವಾರ, ಮಧ್ಯಾಹ್ನ ಎರಡೂವರೆ ಗಂಟೆ. ಸವಣೂರಿನಿಂದ ಯಲವಿಗಿ ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿದ್ದ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ, ಫಿಟರರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ನಾನು ಒಂಬತ್ತನೆಯ ಜಿನ್ನಿನ ಬೇರಿಂಗಿಗೆ ಎಣ್ಣೆ ಬಿಡುತ್ತಿದ್ದೆ. ಒಲೆಗೆ ಬಿದ್ದ ಉಪ್ಪಿನ ಹರಳು ಸಿಡಿದಂಥ ಸದ್ದು ಕೇಳಿಸಿತು. ಅದರ ಹಿಂದೆಯೇ ಒಬ್ಬ ಹೆಂಗಸು ಕೂಗಿಕೊಂಡಳು.

ಕೂಗಿದವಳು ಹತ್ತಿ ಹಂಚುವ ಹಿರಿಯಾಕೆ. ಬುಟ್ಟಿ ಅವಳ ಕೈಯಿಂದ ಜಾರಿ ಬಿದ್ದಿತ್ತು. ಬಲಗೈಯ ಬೆಳ್ಳಿ ಕಡಗವನ್ನು ಎಡಗೈಯಿಂದ ಮುಚ್ಚಿಕೊಂಡು ನಿಂತಿದ್ದಳು.

"ಯವ್ವಾ, ಏನೋ ಕಚ್ಚಿತು!"

"ನಾ ಏನೂ ಮಾಡಿಲ್ರೀ ಯಕ್ಕಾ," ಎಂದಳು ಒಂಬತ್ತನೆಯ ಜಿನ್ನಿನವಳು. "ನಿಮಗ ಒಂದ ಸಲ ಕಚ್ಚೇತಿ. ನನಗ ಊಟ ಆದಾಗಿಂದ ಕಡಿಯಾಕತ್ತೇತಿ."

ಹಿರಿಯಾಕೆಯ ಕಡಗಕ್ಕೂ ಅವಳ ತೋಳಿಗೂ ನಡುವೆ ಎರಡು ಬೆರಳಿನಷ್ಟು ಜಾಗವಿತ್ತು. ಅವರು ಒಬ್ಬರನ್ನೊಬ್ಬರು ಮುಟ್ಟಿರಲಿಲ್ಲ, ಮುಟ್ಟುವ ಪದ್ಧತಿಯೂ ಇರಲಿಲ್ಲ. ಹಿರಿಯಾಕೆ ಹೆದರಿದ್ದು ಅದಕ್ಕೇ. ಮುಟ್ಟದಿದ್ದವಳನ್ನು, ನಡುವಿನ ಬರಿಯ ಗಾಳಿಯಲ್ಲಿ ಬಂದು, ಏನೋ ಕಚ್ಚಿತ್ತು.

ಆಗ ನಾನು ಕಂಡದ್ದನ್ನು ಅಂದೇ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಒಂಬತ್ತನೆಯವಳ ತೋಳಿನ ಮೇಲೆ ಕೂತಿದ್ದ ಅರಳೆಯ ಎಳೆಗಳು ಬಿಳಿ ಕೂದಲಿನಂತೆ ಎದ್ದು ನಿಂತಿದ್ದವು. ಹಿರಿಯಾಕೆ ಹಿಂದೆ ಸರಿದಾಗ ಅವೆಲ್ಲ ಒಟ್ಟಿಗೆ ಅವಳ ಕಡೆ ಬಾಗಿದವು. ಅವಳು ಕಂಬದ ಆಚೆ ಹೋದಳು. ಎಳೆಗಳು ಮತ್ತೆ ನೆಟ್ಟಗಾದವು.

ಕೆಲಸದ ರೀತಿಯನ್ನು ಇಲ್ಲಿಯೇ ಹೇಳಬೇಕು. ಒಂದು ಉದ್ದನೆಯ ತಗಡಿನ ಶೆಡ್ಡು, ಸಾಲಾಗಿ ಹನ್ನೆರಡು ಜಿನ್ನು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ಅವಳು ಕಟ್ಟಿಗೆಯ ತಟ್ಟೆಯಿಂದ ಹತ್ತಿಯನ್ನು ತಳ್ಳುತ್ತ ಹೋದರೆ ಚರ್ಮ ಸುತ್ತಿದ ಉರುಳೆ ಅರಳೆಯನ್ನು ಆಚೆಗೆ ಎಳೆದುಕೊಳ್ಳುತ್ತದೆ, ಕಾಳು ಕೆಳಗೆ ಬೀಳುತ್ತದೆ. ಎಂಜಿನ್ನಿನ ಶಾಫ್ಟಿನಿಂದ ಪ್ರತಿಯೊಂದು ಜಿನ್ನಿಗೂ ಒಂದು ಚರ್ಮದ ಪಟ್ಟ. ಪಟ್ಟವು ಹೆಂಗಸಿನ ಬೆನ್ನ ಹಿಂದೆಯೇ ಓಡುತ್ತಿರುತ್ತದೆ. ಗಾಳಿಗೆ ಅರಳೆ ಹಾರಬಾರದೆಂದು ಕದ ಹಾಕಿರುತ್ತಿದ್ದರು. ಹೊರಗೆ ರಣಬಿಸಿಲಿದ್ದರೂ ಒಳಗೆ ಮುಚ್ಚಂಜೆಯ ಬೆಳಕು. ಆ ಬೆಳಕಿನಲ್ಲಿ ಅರಳೆಯ ಧೂಳು ಇಳಿಯಲೂ ಇಲ್ಲ, ಏರಲೂ ಇಲ್ಲ ಎಂಬಂತೆ ನಿಂತಿರುತ್ತಿತ್ತು.

ಒಂಬತ್ತನೆಯವಳು ಆ ಹಂಗಾಮಿನಲ್ಲಿ ಹೊಸದಾಗಿ ಬಂದವಳು. ಊರ ಹೊರಗಿನ ಕೇರಿಯಿಂದ ಬರುತ್ತಿದ್ದವಳು ಅವಳೊಬ್ಬಳೇ. ಬೇಡವೆನ್ನಲು ಕಾಯ್ದೆಯ ಅಡ್ಡಿ. ಸಾಲಿನಲ್ಲಿ ಕೂಡಿಸಲು ಹನ್ನೊಂದು ಮಂದಿಯ ಅಡ್ಡಿ. ಶೆಡ್ಡಿನ ಮಣ್ಣಿನ ನೆಲವನ್ನು ಮುಂಜಾನೆ ಸಗಣಿ ಹಾಕಿ ಸಾರಿಸುತ್ತಿದ್ದರು, ಮಧ್ಯಾಹ್ನ ನೀರು ಚಿಮುಕಿಸುತ್ತಿದ್ದರು. ಹಸಿ ನೆಲದಲ್ಲಿ ಅವಳ ಜೊತೆ ಕೂತರೆ ಮೈಲಿಗೆ ಹರಿದು ಬರುತ್ತದೆ ಎಂಬುದು ಉಳಿದವರ ತಕರಾರು. ಮ್ಯಾನೇಜರರು ಒಂದು ಹಂಚಿಕೆ ಹೂಡಿದರು. ಒಂಬತ್ತನೆಯ ಜಿನ್ನಿನ ಮುಂದೆ ಇಟ್ಟಿಗೆ ಇಟ್ಟು, ಮೇಲೆ ಒಣ ಸಾಗುವಾನಿಯ ಹಲಗೆ ಹಾಸಿ, ಅದರ ಮೇಲೊಂದು ಕಂಬಳಿ ಹಾಕಿಸಿದರು. ಅವಳು ಒಣ ಜಾಗದಲ್ಲಿ ಕೂತಳು. ಎಲ್ಲರಿಗೂ ಸಮಾಧಾನವಾಯಿತು.

"ನಂದು ಸಿಂಹಾಸನರೀ," ಎಂದು ಅವಳು ಹಲಗೆ ತಟ್ಟಿ ನಗುತ್ತಿದ್ದಳು. "ನೀವೆಲ್ಲ ನೆಲದ ಮ್ಯಾಲ, ನಾ ಮ್ಯಾಲ."

ಮಂಗಳವಾರದ ಮೇಲೆ ಅವಳು ನಗುವುದು ಕಡಿಮೆಯಾಯಿತು. ಮಧ್ಯಾಹ್ನವಾದರೆ ಅವಳ ಕೂದಲು ಸೆರಗಿನೊಳಗಿಂದ ಎದ್ದು ಎಲೆಯ ನರಗಳಂತೆ ಹರಡಿಕೊಳ್ಳುತ್ತಿತ್ತು. ಗಾಳಿಯಲ್ಲಿ ನಿಂತಿದ್ದ ಅರಳೆ ದಾರಿ ಬಿಟ್ಟು ಅವಳ ಕಡೆ ತೇಲಿ ಹೋಗಿ, ಮೈಗೆ ತಾಗಿ, ಯಾರೋ ದೂಡಿದಂತೆ ಹಿಂದೆ ಹಾರುತ್ತಿತ್ತು. ಶೆಡ್ಡಿನಲ್ಲಿ ಮಲಗುತ್ತಿದ್ದ ನಾಯಿ ಒಮ್ಮೆ ಅವಳ ಕೈ ಮೂಸಲು ಹೋಗಿ, ಮೂಗಿಗೆ ಹೊಡೆತ ಬಿದ್ದು, ಆಮೇಲೆ ಹೊಸ್ತಿಲು ದಾಟಲಿಲ್ಲ. ಎಣ್ಣೆಯ ಡಬ್ಬಿ ಕೊಡಲು ನಾನು ಕೈ ಚಾಚಿದಾಗ ಅವಳ ಬೆರಳಿನಿಂದ ಡಬ್ಬಿಯ ಮೂತಿಗೆ ನೀಲಿ ಎಳೆಯೊಂದು ಹಾರಿದ್ದನ್ನು ನಾನೇ ಕಂಡೆ. ಅದು ಸ್ಥಿರವಿದ್ಯುತ್ತೆಂದು ನನಗೆ ಗೊತ್ತಿತ್ತು. ಹನ್ನೆರಡು ಮಂದಿ ಒಂದೇ ಕೆಲಸ ಮಾಡುವಾಗ ಅದು ಒಬ್ಬಳನ್ನೇ ಏಕೆ ಆರಿಸಿಕೊಂಡಿತು ಎಂಬುದು ನನಗೆ ಗೊತ್ತಿರಲಿಲ್ಲ.

ಹೆಂಗಸರಿಗೆ ಗೊತ್ತಿತ್ತು. ಅವಳಿಗೆ ಗಾಳಿ ಹತ್ತಿದೆ ಎಂದರು.

ಶುಕ್ರವಾರ ಹಲಗೆಯ ಪಕ್ಕದ ಅರಳೆಯ ಗುಪ್ಪೆ ಹೊತ್ತಿಕೊಂಡಿತು. ಫಿಟರರು ಹಸಿ ಗೋಣಿಚೀಲ ಎಸೆದು ಆರಿಸಿದರು. ಹೊಗೆ ಹೋಗುವ ಮೊದಲೇ ಹನ್ನೊಂದು ಮಂದಿ ಅಂಗಳದಲ್ಲಿ ನಿಂತಿದ್ದರು. ಅವಳು ಹೋಗಬೇಕು, ಇಲ್ಲವೆ ತಾವು ಹೋಗುತ್ತೇವೆ ಎಂದರು.

ಮ್ಯಾನೇಜರರು ಫಿಟರರನ್ನೂ ನನ್ನನ್ನೂ ಕರೆದರು. "ದೆವ್ವ ಇಲ್ಲಂತ ನನಗೂ ಗೊತ್ತೈತಿ. ಆದ್ರ ಹನ್ನೊಂದು ಮಂದಿ ಎದ್ದು ಹೋದ್ರ ಎಂಜಿನ್ ಯಾರ ಸಲುವಾಗಿ ತಿರಗಸ್ಲಿ? ಬರೂ ವಾರದ ಸಂತೀ ತನಕ ನೋಡತೇನಿ. ನಿಮ್ಮ ವಿದ್ಯಾ ಏನೈತಿ, ತೋರಸ್ರಿ."

ಅಂದು ಸಂಜೆ ಅವಳು ಎಂಜಿನ್ ಕೋಣೆಯ ಹೊರಗೆ ಕಾಯುತ್ತಿದ್ದಳು. ಗಂಡ ಇಟ್ಟಂಗಿ ಭಟ್ಟಿಗೆಂದು ಹೋದವನು ತಿರುಗಿ ಬಂದಿರಲಿಲ್ಲ, ಮನೆಯಲ್ಲಿ ಎರಡು ಮಕ್ಕಳು.

"ಕೆಲಸಾ ಹೋದ್ರ ಹೊಲದಾಗ ಕಳೇ ಕೀಳಾಕ ಹೋದೇನರೀ," ಎಂದಳು. "ಗಾಳಿ ಹತ್ತಿದಾಕಿ ಅಂತ ಹೆಸರು ಬಿದ್ರ ಬಂಕಾಪುರದ ತನಕ ಯಾರೂ ಹೊಲದಾಗ ಕಾಲಿಡಗೊಡೂದಿಲ್ಲ. ಒಂದ ಮಾತು ಖರೇ ಹೇಳ್ರಿ. ನನ್ನ ಮೈಯಾಗ ಏನರ ಐತೇನು?"

ಇಲ್ಲ ಎಂದೆ. ಅದನ್ನು ತೋರಿಸುವ ಬಗೆ ಇನ್ನೂ ತಿಳಿದಿರಲಿಲ್ಲ.

ಶನಿವಾರ ಉಪಕರಣ ಮಾಡಿದೆ. ಜೋಳದ ದಂಟಿನ ಬೆಂಡನ್ನು ಬಟಾಣಿಯಷ್ಟು ದಪ್ಪದ ಎರಡು ಗುಂಡುಗಳಾಗಿ ಕೊರೆದು, ರೇಷ್ಮೆ ಎಳೆಯಲ್ಲಿ ಅಕ್ಕಪಕ್ಕ ತೂಗುಬಿಟ್ಟೆ. ತಲೆ ಬಾಚುವ ಕಪ್ಪು ಹಣಿಗೆಯನ್ನು ಕಂಬಳಿಗೆ ತಿಕ್ಕಿದರೆ ಅದರಲ್ಲಿ ಋಣ ವಿದ್ಯುತ್ತು ನಿಲ್ಲುತ್ತದೆ; ಲಾಟೀನಿನ ಗಾಜನ್ನು ರೇಷ್ಮೆಗೆ ತಿಕ್ಕಿದರೆ ಧನ. ಒಂದೇ ಜಾತಿಯವು ದೂರ ಸರಿಯುತ್ತವೆ, ಬೇರೆ ಜಾತಿಯವು ಕೂಡುತ್ತವೆ. ನನ್ನ ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಇಷ್ಟೇ ಇದ್ದದ್ದು.

ಗುಂಡುಗಳಿಗೆ ಗಾಜಿನಿಂದ ವಿದ್ಯುತ್ತು ಕೊಟ್ಟು, ಸಾಲಿನ ಮುಂದೆ ನಡೆದೆ. ಮೊದಲನೆಯ ಹೆಂಗಸಿನ ಕಡೆ ವಾಲಿದವು. ಎರಡನೆಯವಳ ಕಡೆಯೂ ವಾಲಿದವು. ಹನ್ನೆರಡೂ ಮಂದಿಯ ಕಡೆ ವಾಲಿದವು. ಎಲ್ಲರಲ್ಲಿಯೂ ಅದು ಇದೆ ಎಂದು ಮ್ಯಾನೇಜರರಿಗೆ ಹೇಳಿಬಿಟ್ಟೆ. ಫಿಟರರು ನನ್ನ ಕೈಯಿಂದ ಗುಂಡುಗಳನ್ನು ಇಸಿದುಕೊಂಡು ಕಬ್ಬಿಣದ ಕಂಬಕ್ಕೆ ಹಿಡಿದರು. ಕಂಬದ ಕಡೆಗೂ ವಾಲಿದವು.

"ತಮ್ಮಾ, ಕಂಬಕ್ಕೂ ದೆವ್ವ ಬಡದೈತಿ ನೋಡು," ಎಂದರು.

ಹೆಂಗಸರು ಬಿದ್ದು ಬಿದ್ದು ನಕ್ಕರು. ನನಗೆ "ಬೆಂಡಿನ ಮಾಸ್ತರ" ಎಂದು ಹೆಸರು ಬಿತ್ತು. ತಪ್ಪು ರಾತ್ರಿ ತಿಳಿಯಿತು. ವಿದ್ಯುತ್ತುಳ್ಳ ವಸ್ತು ಏನೂ ಇಲ್ಲದ ವಸ್ತುವಿನ ಕಡೆಗೂ ಎಳೆಯಲ್ಪಡುತ್ತದೆ. ಸೆಳೆತ ಸಾಕ್ಷಿಯಲ್ಲ. ದೂರ ಸರಿಯುವುದೇ ಸಾಕ್ಷಿ.

ಸೋಮವಾರ ಗುಂಡುಗಳನ್ನು ಬರಿದು ಮಾಡಿಕೊಂಡು ಹೋದೆ. ಹನ್ನೊಂದು ಮಂದಿ ಬೆರಳು ತಾಗಿಸಿದರೂ ಅವು ಸುಮ್ಮನೆ ತೂಗುತ್ತಿದ್ದವು. ಒಂಬತ್ತನೆಯವಳು ಬೆರಳು ಚಾಚಿದಳು. ತಾಗುವ ಮೊದಲೇ ಗುಂಡುಗಳು ಅವಳತ್ತ ಹಾರಿ, ತಾಗಿ, ಒಂದಕ್ಕೊಂದು ಬೆನ್ನು ತಿರುಗಿಸಿದಂತೆ ಅಗಲವಾಗಿ ನಿಂತವು. ಹಣಿಗೆ ತಂದೆ, ದೂರ ಸರಿದವು. ಅವಳಲ್ಲಿದ್ದದ್ದು ಋಣ ವಿದ್ಯುತ್ತು. ಸಾಲಿನ ಆ ತುದಿಯಿಂದ ಯಾರೋ "ಶಿವ ಶಿವಾ" ಎಂದರು. ನನ್ನ ಸಾಕ್ಷಿ ಅವರ ಸಾಕ್ಷಿಯೂ ಆಗಿತ್ತು.

ಪಟ್ಟದ್ದೇ ಕಿತಾಪತಿ ಇರಬೇಕೆಂದು ಫಿಟರರು ತಾಮ್ರದ ತಂತಿಗಳ ಚೂಪು ತುದಿಗಳನ್ನು ಸಾಲಾಗಿ ಜೋಡಿಸಿ ಪಟ್ಟದ ಹತ್ತಿರ ತೂಗುಬಿಟ್ಟು, ಇನ್ನೊಂದು ತುದಿಯನ್ನು ನೆಲದಲ್ಲಿ ಹೂಳಿದರು. ಚೂಪು ತುದಿ ವಿದ್ಯುತ್ತನ್ನು ಹೀರುತ್ತದೆ. ಕಿಡಿ ಹಾರಿದಾಗೆಲ್ಲ ನಾನು ದಿನಚರಿಯಲ್ಲಿ ಗೆರೆ ಎಳೆಯುತ್ತಿದ್ದೆ. ಗೆರೆಗಳು ಅರ್ಧಕ್ಕೆ ಇಳಿದವು, ನಿಲ್ಲಲಿಲ್ಲ. ಮುಂಜಾನೆಯ ಕಡೆ ಗೆರೆ ಕಡಿಮೆ, ಮಧ್ಯಾಹ್ನದ ಒಣ ಗಾಳಿಯಲ್ಲಿ ಹೆಚ್ಚು. ಅವಳ ಜಾಗದಲ್ಲಿ ಇನ್ನೊಬ್ಬರನ್ನು ಕೂಡಿಸಿ ನೋಡಬೇಕಿತ್ತು. ಯಾರೂ ಒಪ್ಪಲಿಲ್ಲ. ಗಾಳಿಯ ಮಾತಿಗಿಂತ ಮೊದಲೇ ಆ ಕಂಬಳಿಯ ಮೇಲೆ ಯಾರೂ ಕೂಡ್ರುವವರಿರಲಿಲ್ಲ.

ಬುಧವಾರ ಮಧ್ಯಾಹ್ನ ನಾನೇ ಕೂತೆ.

ಹತ್ತಿ ತಳ್ಳುವುದು ಕಂಡಷ್ಟು ಸುಲಭವಲ್ಲ. ಅವಳು ಪಕ್ಕದಲ್ಲಿ ನಿಂತು, "ಬೆರಳು ಒಳಗ ಬಿಟ್ಟೀರಿ ಮತ್ತ, ಅರಳೀ ಜೋಡಿ ಬರತಾವ," ಎಂದು ಹೆದರಿಸುತ್ತಿದ್ದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮುಖಕ್ಕೆ ಜೇಡರ ಬಲೆ ಮುತ್ತಿದಂತಾಯಿತು. ಒರೆಸಿಕೊಂಡೆ, ಏನೂ ಇರಲಿಲ್ಲ, ಆದರೆ ಬಲೆ ಹೋಗಲಿಲ್ಲ. ಬೆನ್ನ ಹಿಂದೆ ಯಾರೋ ಬಗ್ಗಿ ಕುತ್ತಿಗೆಯ ಕೂದಲನ್ನು ಒಂದೊಂದಾಗಿ ಎತ್ತುತ್ತಿರುವ ಹಾಗೆ. ಹಿಂದೆ ಇದ್ದದ್ದು ಪಟ್ಟ ಎಂದು ನನಗೆ ಗೊತ್ತು. ಆದರೂ ತಿರುಗಿ ನೋಡಲು ಧೈರ್ಯ ಬರಲಿಲ್ಲ. ಅವಳು ಇಷ್ಟು ದಿನ ಹೀಗೆ ಕೂತೇ ಹತ್ತಿ ತಳ್ಳಿದ್ದಳು.

ಫಿಟರರು ಬೆರಳು ಚಾಚಿದರು. ನನ್ನ ಮೊಣಕೈಯಿಂದ ಕಿಡಿ ಹಾರಿತು.

ನಾನು ಹಲಗೆಯಿಂದ ಜಿಗಿದು ಕೂಗಿದೆ: "ನೋಡಿದ್ರೇನ್ರಿ? ಇದು ಆಕೀ ಮೈಯಾಗಿಲ್ಲ. ಈ ಜಾಗಾದಾಗೈತಿ!"

ಹಿರಿಯಾಕೆ ದೂರದಿಂದ ನನ್ನನ್ನು ಮರುಕದಿಂದ ನೋಡಿದಳು. "ಅಯ್ಯ ನನ ಕೂಸ. ನಿನಗೂ ಹತ್ತಿತಲ್ಲೋ."

ಅಂದು ಸಂಜೆ ನನ್ನ ಚಹಾದ ಬಟ್ಟಲನ್ನು ಬೇರೆ ಇಟ್ಟಿದ್ದರು.

ಜಾಗ ಯಾವ ಬಗೆಯದೆಂದು ಆಗ ಯೋಚಿಸಿದೆ. ಹಸಿ ನೆಲ ವಿದ್ಯುತ್ತನ್ನು ಒಯ್ಯುತ್ತದೆ. ಹನ್ನೊಂದು ಮಂದಿಯ ಮೈಯಲ್ಲಿ ಹುಟ್ಟಿದ್ದು ಹುಟ್ಟಿದ ಕ್ಷಣವೇ ನೆಲಕ್ಕೆ ಇಳಿಯುತ್ತಿತ್ತು. ಒಣ ಕಟ್ಟಿಗೆ, ಉಣ್ಣೆ, ರೇಷ್ಮೆ ಒಯ್ಯುವುದಿಲ್ಲ. ಅವಳಿಗೆ ಇಳಿಯುವ ದಾರಿ ಇರಲಿಲ್ಲ. ಇದನ್ನು ದಿನಚರಿಯಲ್ಲಿ ಬರೆಯುವಾಗ ನಮ್ಮ ಮನೆಯ ಮಡಿ ನೆನಪಾಯಿತು. ಉಣ್ಣೆಗೆ ಮೈಲಿಗೆ ಇಲ್ಲ, ರೇಷ್ಮೆಗೆ ಇಲ್ಲ, ಒಣ ಮಣೆ ಅಡ್ಡಿಯಿಲ್ಲ, ನೀರು ತಾಗಿದರೆ ಮಾತ್ರ ಹರಿದು ಬರುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಎರಡನ್ನೂ ಅಕ್ಕಪಕ್ಕ ಬರೆದು ನೋಡಿದೆ. ಒಂದೇ ಯಾದಿ. ಮ್ಯಾನೇಜರರು ಮೈಲಿಗೆ ಹರಿಯಬಾರದೆಂದು ಹುಡುಕಿ ಹುಡುಕಿ ಹಾಕಿಸಿದ್ದು ಏನೂ ಹರಿಯದಂಥ ಜಾಗವನ್ನೇ. ಆ ಹೊತ್ತು ದೀಪದ ಮುಂದೆ ಕೂತಿದ್ದವನಿಗೆ ಕಿಡಿಗಿಂತ ಈ ಯಾದಿಯೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಗುರುವಾರ ಮ್ಯಾನೇಜರರಿಗೆ ವಿವರಿಸಿದೆ. ಹಲಗೆ ತೆಗೆಯಲು ಅವರು ಒಪ್ಪಲಿಲ್ಲ. "ನೆಲದ ಮ್ಯಾಲ ಕುಂದರಿಸಿದ್ರ ಅವರು ಏಳತಾರ. ಬ್ಯಾರೆ ಏನರ ಹೇಳು."

ನಾನು ಬೇರೆ ಹೇಳಿದೆ. ಅವಳ ಕಾಲಿನ ಕಡಗಕ್ಕೆ ಒಂದು ತೆಳುವಾದ ಸರಪಳಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಹಸಿ ನೆಲದಲ್ಲಿ ಹೂಳಬಹುದು. ಹಲಗೆ ಹಲಗೆಯೇ ಇರುತ್ತದೆ, ವಿದ್ಯುತ್ತು ಇಳಿಯುತ್ತದೆ. ಲೆಕ್ಕ ಸರಿಯಾಗಿತ್ತು. ಮ್ಯಾನೇಜರರು ಖುಷಿಯಾಗಿ ಅಂದೇ ಸರಪಳಿ ತರಿಸಿದರು. ಅದನ್ನು ನಾನೇ ಕೈಯಲ್ಲಿ ಹಿಡಿದುಕೊಂಡು ಹೋದೆ.

ಅವಳು ಸರಪಳಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಗ್ವಾದಲಿ ಎಲ್ಲಿ ಮಾಡೀರಿ?" ಎಂದಳು. "ಮೇವು ನೀವ ಹಾಕತೀರೋ, ನಾ ತರಬೇಕೋ?"

ಫಿಟರರು ನನ್ನ ಕೈಯಿಂದ ಸರಪಳಿ ತೆಗೆದುಕೊಂಡು ಎಂಜಿನ್ ಕೋಣೆಯ ಮೂಲೆಗೆ ಎಸೆದರು. ಕೈ ಒರೆಸಿಕೊಳ್ಳುತ್ತ, "ತಮ್ಮಾ, ಹಲಗೀಗೆ ಎಷ್ಟು ಮೊಳೆ ಅದಾವು?" ಎಂದು ಕೇಳಿದರು.

ಸಂತೆಯ ಹಿಂದಿನ ದಿನ, ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಲು ಹೊರಗೆ ಹೋದಾಗ, ನಾವಿಬ್ಬರೂ ಹಲಗೆ ಕಿತ್ತೆವು. ಇಟ್ಟಿಗೆ ತೆಗೆದೆವು. ಅವಳು ಕಂಬಳಿ ಕೊಡವಿ ಮಡಚಿಟ್ಟು, ಒಂದು ಬಕೀಟು ಸಗಣಿ ನೀರು ತಂದು, ಕೆಳಗಿನ ಬಿಳಿಚಿದ ಒಣ ಮಣ್ಣನ್ನು ಸಾರಿಸಿದಳು. ಎಂಟನೆಯ ಜಿನ್ನಿನ ಹಸಿಯ ಅಂಚಿಗೂ ಹತ್ತನೆಯ ಜಿನ್ನಿನ ಹಸಿಯ ಅಂಚಿಗೂ ಕೂಡುವವರೆಗೆ ಕೈ ಎಳೆದಳು. ಆಮೇಲೆ ಬರಿಗಾಲಲ್ಲಿ ಅದರ ಮೇಲೆ ಕೂತಳು. ಎಂಜಿನ್ ಶುರು ಮಾಡಿದೆವು. ಗುಂಡುಗಳನ್ನು ಅವಳ ಬೆರಳಿಗೆ ತಾಗಿಸಿದೆ. ಅವು ಸುಮ್ಮನೆ ತೂಗುತ್ತಿದ್ದವು.

ಹನ್ನೊಂದು ಮಂದಿಯೂ ಹಿರಿಯಾಕೆಯೂ ಬಾಗಿಲಲ್ಲಿ ನಿಂತರು. ಹಿಂದೆ ಮ್ಯಾನೇಜರರು ಬಂದರು. ಕಿತ್ತ ಹಲಗೆ ನೋಡಿ ಅವರ ಮುಖ ಕೆಂಪಾಯಿತು. ನಮಗೇನೂ ಅನ್ನದೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಕೆಲಸಾ ಶುರು ಮಾಡೂ ಭೋಂಗಾ ಊದೂದರಾಗ ನೀವೆಲ್ಲ ನಿಮ್ಮ ನಿಮ್ಮ ಜಾಗಾದಾಗ ಇದ್ರ ಚಲೋ. ಇಲ್ಲಂದ್ರ ಈಕೀದು ಇವತ್ತ ಕಡೀ ದಿನಾ."

"ಗಾಳಿ ಹೋಗೇತಿ ಅಂತ ಯಾರು ಹೇಳ್ಯಾರ?" ಎಂದಳು ಒಬ್ಬಳು.

"ಬೆಂಡಿನ ಮಾಸ್ತರಾ," ಎಂದಳು ಇನ್ನೊಬ್ಬಳು. "ಕಂಬಕ್ಕೂ ದೆವ್ವ ಬಡಿಸಿದಾಂವಲ್ಲ, ಅಂವಾ."

ಒಂಬತ್ತನೆಯವಳು ಹತ್ತಿ ತಳ್ಳುವುದನ್ನು ನಿಲ್ಲಿಸಲಿಲ್ಲ. "ಬೆಂಡು ಗಿಂಡು ಯಾಕ? ಕಚ್ಚತೇತೋ ಇಲ್ಲೋ ನೋಡಬೇಕಂದ್ರ ಒಂದ ದಾರಿ ಐತಿ. ಮುಟ್ಟಿ ನೋಡ್ರಿ."

"ನಿನ್ನ ಮುಟ್ಟಿ ಮನೀಗೆ ಹ್ಯಾಂಗ ಹೋಗೂದಬೇ?"

"ಬಂದ ದಾರೀಲೆ ಹೋಗ್ರಿ."

ಹಲಗೆ ಕಿತ್ತ ಫಿಟರರೇ ಮುಂದೆ ಬಂದು ಮುಟ್ಟಿದರೆ ಹೆಂಗಸರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರಲ್ಲ. ನನಗಂತೂ ಆಗಲೇ ಗಾಳಿ ಹತ್ತಿತ್ತು. ಶೆಡ್ಡಿನ ಅರೆಗತ್ತಲೆಯಲ್ಲಿ ಒಂದೇ ಜಿನ್ನು ಸದ್ದು ಮಾಡುತ್ತಿತ್ತು. ಧೂಳು ನಿಂತಲ್ಲೇ ನಿಂತಿತ್ತು.

ಹಿರಿಯಾಕೆ ಹೊಸ್ತಿಲು ದಾಟಿದಳು.

"ಕಚ್ಚಿದ್ದು ನನಗ," ಎಂದಳು. "ಹೋಗೇತೋ ಇಲ್ಲೋ ನನಗ ಗೊತ್ತಾಗಬೇಕು."

ಮೊದಲು ಬೆಳ್ಳಿ ಕಡಗವನ್ನು ಅಂದಿನಷ್ಟೇ ದೂರಕ್ಕೆ ಒಯ್ದಳು. ಕಣ್ಣು ಮುಚ್ಚಿಕೊಂಡಿದ್ದಳು. ಏನೂ ಆಗಲಿಲ್ಲ. ಇನ್ನಷ್ಟು ಹತ್ತಿರ ಒಯ್ದಳು. ಹಂಚು ಕಾದಿದೆಯೇ ಎಂದು ನೋಡುವವರ ಹಾಗೆ ಬೆರಳಿನ ತುದಿ ತಾಗಿಸಿ ಚಕ್ಕನೆ ತೆಗೆದಳು. ಮತ್ತೆ ತಾಗಿಸಿದಳು. ಕೊನೆಗೆ ಇಡೀ ಅಂಗೈಯನ್ನು ಒಂಬತ್ತನೆಯವಳ ತೋಳಿನ ಮೇಲೆ ಇಟ್ಟಳು. ಕಣ್ಣು ತೆರೆದು ನೋಡಿದಳು. ಹತ್ತಿ ತಳ್ಳುವ ತೋಳು ಅವಳ ಅಂಗೈಯ ಕೆಳಗೆ ಹಿಂದೆ ಮುಂದೆ ಆಡುತ್ತಿತ್ತು. ಅದರ ಜೊತೆ ಅವಳ ಕೈಯೂ ಸ್ವಲ್ಪ ಹೊತ್ತು ಹಿಂದೆ ಮುಂದೆ ಹೋಯಿತು.

"ಬರೇ ಕೈ ಐತಿ," ಎಂದಳು, ಯಾರಿಗೆಂದಿಲ್ಲದೆ.

ಆಮೇಲೆ ನೆಟ್ಟಗೆ ಹೊರಗಿನ ನೀರಿನ ತೊಟ್ಟಿಗೆ ಹೋಗಿ ಮೊಣಕೈವರೆಗೆ ತೊಳೆದುಕೊಂಡಳು. ಎಲ್ಲರೂ ಅದನ್ನು ನೋಡಿದರು. ಒಂಬತ್ತನೆಯವಳೂ ನೋಡಿದಳು.

"ಲಗೂನ ತೊಳಕೊಂಡ ಬರ್ರಿ ಯಕ್ಕಾ," ಎಂದು ಕೂಗಿದಳು. "ನನ್ನ ತಟ್ಟೀ ಖಾಲಿ ಆಗೇತಿ."

ಹಿರಿಯಾಕೆ ಹಸಿ ಕೈಯಲ್ಲೇ ಬುಟ್ಟಿ ಎತ್ತಿಕೊಂಡು ಬಂದಳು. ಎಂಟನೆಯವಳು ಬಂದು ಕೂತಳು, ಸ್ವಲ್ಪ ಸರಿದು. ಭೋಂಗಾ ಆಗುವಷ್ಟರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಕೂತಿದ್ದರು. ಆ ಇಬ್ಬರು ಸಂತೆಯ ಮರುದಿನ ಬಂದರು. ಅವಳು ಆ ಹಂಗಾಮು ಮುಗಿಯುವವರೆಗೆ ಅದೇ ನೆಲದ ಮೇಲೆ ಕೂತು ಕೆಲಸ ಮಾಡಿದಳು, ಮುಂದಿನ ಹಂಗಾಮಿಗೂ ಬಂದಳು. ಆ ಮಧ್ಯಾಹ್ನದ ಮೇಲೆ ನನ್ನ ದಿನಚರಿಯಲ್ಲಿ ಒಂದು ಗೆರೆಯೂ ಇಲ್ಲ.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಏಪ್ರಿಲ್ ಕೊನೆಗೆ, ಮೊದಲ ಅಡ್ಡಮಳೆ ಬಂದು ನಿಂತ ಮರುದಿನ ಸಂಜೆ ಆದದ್ದಕ್ಕೆ ನನ್ನಲ್ಲಿ ವಿವರಣೆ ಇಲ್ಲ. ಎಂಜಿನ್ ನಿಂತಿತ್ತು, ಪಟ್ಟಗಳನ್ನು ಬಿಚ್ಚಿ ಸುತ್ತಿಟ್ಟಿದ್ದೆವು, ಹೆಂಗಸರು ಮನೆಗೆ ಹೋಗಿದ್ದರು. ಗಾಳಿ ಎಷ್ಟು ಹಸಿಯಾಗಿತ್ತೆಂದರೆ ಹಣಿಗೆಯನ್ನು ಎಷ್ಟು ತಿಕ್ಕಿದರೂ ಕಾಗದದ ಚೂರು ಏಳುತ್ತಿರಲಿಲ್ಲ. ಗುಂಡುಗಳನ್ನು ಎತ್ತಿಡಲೆಂದು ಸಾಲಿನ ಮುಂದೆ ನಡೆದೆ. ಒಂಬತ್ತನೆಯ ಜಿನ್ನಿನ ಮುಂದೆ, ಕೂತ ಮನುಷ್ಯರ ಹೆಗಲಿನ ಎತ್ತರದಲ್ಲಿ, ಅವು ಅಗಲವಾಗಿ ನಿಂತವು. ಹಿಂದೆ ಬಂದೆ, ಕೂಡಿದವು. ಮುಂದೆ ಹೋದೆ, ಮತ್ತೆ ಅಗಲವಾದವು. ಧನವೋ ಋಣವೋ ನೋಡಲು ಹಣಿಗೆಯೂ ಗಾಜೂ ಆ ಹಸಿಯಲ್ಲಿ ಕೆಲಸಕ್ಕೆ ಬರಲಿಲ್ಲ. ಮೇಲಿನ ಮೋಡದ ಪ್ರಭಾವ ಎನ್ನೋಣವೆಂದರೆ ನೆಲಕ್ಕೆ ಕೂಡಿದ ತಗಡಿನ ಚಾವಣಿಯ ಒಳಗೆ ಅದು ಬರಲಾರದು. ಫಿಟರರನ್ನು ಕರೆದು ತೋರಿಸಿದೆ. ಅವರು ಟೊಪ್ಪಿಗೆ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಗುಂಡು ಇಳಿಸು ತಮ್ಮಾ," ಎಂದರು. "ಎಲ್ಲಾದನ್ನೂ ಕೆದಕಬಾರದು." ಇಳಿಸಿದೆ.

ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರಿನ ಕಡೆಯ ಜಿನ್ನುಗಳಲ್ಲಿ ಕೆಲಸ ಮಾಡುವವರಾಗಲಿ, ಶಾಲೆಗಳಲ್ಲಿ ವಿಜ್ಞಾನ ಕಲಿಸುವವರಾಗಲಿ, ಪಟ್ಟ ನಿಂತಿರುವಾಗ, ಹಸಿ ಗಾಳಿಯಲ್ಲಿ, ಹಸಿ ನೆಲದ ಮೇಲೆ ಹೀಗಾದದ್ದನ್ನು ಕಂಡಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಒಂದು ಕಾರ್ಡು ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ತಾರೀಖು, ವೇಳೆ, ಆ ದಿನದ ಹವೆ ಬರೆಯಿರಿ. ಹತ್ತಿರ ಯಾರು ಕೂತಿದ್ದರು ಎಂಬುದನ್ನೂ ಬರೆಯಿರಿ. ಯಾರೂ ಕೂತಿರಲಿಲ್ಲವಾದರೆ, ಅದನ್ನೂ.